ಅಕ್ಕನ ಎಡಮಗ್ಗುಲು

ಅಕ್ಕ ಕರೆದಾಗ ನಾನು ಓಗೊಡಲಿಲ್ಲ. ದೂರವೇನೂ ಇರಲಿಲ್ಲ. ಅವಳ ಎಡಕ್ಕೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ಗೋಡೆಗೆ ಬೆನ್ನು ಹಚ್ಚಿ ಕೂತಿದ್ದೆ. ಅವಳು ಮತ್ತೆ ಕರೆದಳು. ನಾನು ಉಸಿರು ಬಿಗಿಹಿಡಿದು ಸುಮ್ಮನಿದ್ದೆ. ಆಗಲೇ "ಓ" ಅಂದಿದ್ದರೆ ಅವಳ ಎಡಗೈಗೆ ಆ ಗತಿ ಬರುತ್ತಿರಲಿಲ್ಲ. ಬಹಳ ಕಾಲ ಇದನ್ನು ನಾನು ಯಾರ ಮುಂದೆಯೂ ಹೇಳಲಿಲ್ಲ, ಹೆಂಡತಿಯ ಮುಂದೆ ಕೂಡ.

ನಮ್ಮದು ಇರಕಲ್ಲಗಡದ ಹತ್ತಿರದ ಹಳ್ಳಿ. ನಾನು ಟಂಟಂ ಆಟೋ ಓಡಿಸುತ್ತೇನೆ. ಕೊಪ್ಪಳಕ್ಕೆ ಹೋಗುವವರು, ಮಂಗಳವಾರ ಶುಕ್ರವಾರ ಹುಲಿಗಿಯ ಗುಡಿಗೆ ಹೋಗುವವರು, ಇವರನ್ನು ಹತ್ತಿಸಿಕೊಂಡು ಇಳಿಸುವುದು ನನ್ನ ಕೆಲಸ. ಐದನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅಕ್ಕ ಶಾಲೆಯ ಕಟ್ಟೆ ಹತ್ತಿದವಳೇ ಅಲ್ಲ. ಅವ್ವ ಸತ್ತಾಗ ನಾನಿನ್ನೂ ಚಡ್ಡಿ ಹಾಕುವ ಹುಡುಗ. ನನ್ನ ತಲೆಗೆ ಎಣ್ಣೆ ಹಚ್ಚಿ, ತುತ್ತು ಮಾಡಿ ಉಣ್ಣಿಸಿ ದೊಡ್ಡವನನ್ನು ಮಾಡಿದವಳು ಅಕ್ಕ. ಯಲಬುರ್ಗಾ ಕಡೆಗೆ ಅವಳನ್ನು ಕೊಟ್ಟಿತ್ತು. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದಳು. ಬಂದು ಸುಮ್ಮನೆ ಕೂಡಲಿಲ್ಲ. ಬೆಳಗಿನಲ್ಲಿ ಜೋಳದ ರೊಟ್ಟಿ ಬಡಿದು ಬುಟ್ಟಿ ತುಂಬಿಸುತ್ತಿದ್ದಳು. ಆ ಬುಟ್ಟಿಯನ್ನು ನಾನು ಮೊದಲ ಸವಾರಿಯಲ್ಲೇ ಕೊಪ್ಪಳದ ಒಂದು ಖಾನಾವಳಿಗೆ ಮುಟ್ಟಿಸುತ್ತಿದ್ದೆ.

ಅವಳ ಎಡ ಮುಂಗೈ ಮೇಲೆ ಹಚ್ಚೆ ಇತ್ತು. ತುಳಸಿಕಟ್ಟೆ, ಅದರ ಸುತ್ತ ಚುಕ್ಕಿಗಳು. ಅಂಥದ್ದೇ ಹಚ್ಚೆ ಅವ್ವನ ಎಡ ಮುಂಗೈ ಮೇಲೂ ಇತ್ತು. ತಾಯಿ ಮಗಳಿಬ್ಬರೂ ಒಂದೇ ದಿನ, ಊರಿಗೆ ಬಂದ ಹಚ್ಚೆಯವಳೊಬ್ಬಳ ಕೈಲಿ ಹಾಕಿಸಿಕೊಂಡಿದ್ದರಂತೆ. ಸತ್ತ ಮೇಲೆ ಮೈ ಮೇಲಿನ ಬಂಗಾರ ಕಳಚಿಕೊಳ್ಳುತ್ತಾರೆ, ಹಚ್ಚೆ ಮಾತ್ರ ಜೊತೆಗೆ ಬರುತ್ತದೆ ಎಂದು ನಮ್ಮ ಕಡೆ ಹೆಂಗಸರು ಹೇಳುವುದುಂಟು. ಅವ್ವನದು ಅವಳ ಜೊತೆಗೇ ಹೋಯಿತು.

ಅಕ್ಕ ರೊಟ್ಟಿ ಬಡಿಯುವ ಸಪ್ಪಳಕ್ಕೇ ನನಗೆ ಎಚ್ಚರವಾಗುತ್ತಿತ್ತು. ಒಂದು ಕೈ ಬಡಿಯುತ್ತದೆ, ಇನ್ನೊಂದು ಕೈ ರೊಟ್ಟಿಯನ್ನು ತಿರುಗಿಸುತ್ತದೆ, ಅದಕ್ಕೊಂದು ಲಯ. ಒಂದು ಬೆಳಗ್ಗೆ ಆ ಲಯ ತಪ್ಪಿತು. ಎದ್ದು ನೋಡಿದೆ. ಅಕ್ಕ ಬಲಗೈಯೊಂದರಲ್ಲೇ ಬಡಿಯುತ್ತಿದ್ದಳು. ಎಡಗೈ ಹಿಟ್ಟಿನಲ್ಲಿ ಅಂಗಾತ ಬಿದ್ದಿತ್ತು, ಯಾರೋ ಬಿಟ್ಟುಹೋದ ಸಾಮಾನಿನ ಹಾಗೆ. ರೊಟ್ಟಿಯ ಒಂದು ಮಗ್ಗುಲು ತೆಳ್ಳಗಾಗಿ ಹರಿದಿತ್ತು, ಇನ್ನೊಂದು ಮಗ್ಗುಲು ಮುದ್ದೆಯಾಗಿಯೇ ಉಳಿದಿತ್ತು.

"ಅಕ್ಕಾ, ಕೈಗೇನಾತು?"

"ಏನಾಗೈತಿ? ಎರಡೂ ಕೈಲೆ ಬಡಿಯಾಕತ್ತೀನಿ. ಕಣ್ಣಾಗಿನ ಪಿಸರು ತೊಳಕೊಂಡು ಬಂದು ನೋಡು," ಎಂದು ನಕ್ಕಳು. ನಗು ಅವಳದೇ. ಮಾತೂ ಅವಳದೇ.

ನನ್ನ ಹೆಂಡತಿ ಲಕ್ವಾ ಇರಬೇಕು, ದವಾಖಾನೆಗೆ ನಡೆಯಿರಿ ಎಂದಳು. ಪಕ್ಕದ ಮನೆಯ ಮುದುಕಿ ಬಂದು ಅಡ್ಡ ಹಾಕಿದಳು. ಅವಳ ಗಂಡ ಲಕ್ವಾ ಹೊಡೆದೇ ಸತ್ತವನು. ಆ ರೋಗದ ವಿಷಯದಲ್ಲಿ ಅವಳ ಮಾತೇ ಊರಿಗೆ ಕಡೆಯ ಮಾತು.

"ಲಕ್ವಾ ಅಂದ್ರ ಮಾತು ಹೋಗ್ತಾವು," ಎಂದಳು. "ನಮ್ಮ ಮುದುಕಗ ಬಲಗೈ ಬಿತ್ತು, ಮಾತೂ ಹೋತು. ಬೈಗಳ ಒಂದ ಉಳದಿತ್ತು ನೋಡು. ಬೀಗರು ಮಾತಾಡ್ಸಾಕ ಬಂದ್ರೂ ಅದನ್ನ ಬೈತಿದ್ದ. ನಿಮ್ಮ ಅಕ್ಕ ಪಟಪಟ ಮಾತಾಡ್ತಾಳ. ಇದು ಲಕ್ವಾ ಅಲ್ಲ, ಗಾಳಿ. ಯಾರೋ ಮೆಟ್ಟಿಕೊಂಡಾರ."

ಅವಳ ಮಾತು ನನಗೆ ಸರಿ ಅನ್ನಿಸಿತು. ನಮ್ಮ ಊರಲ್ಲಿ ಲಕ್ವಾ ಹೊಡೆದವರೆಲ್ಲ ನನ್ನ ಕಣ್ಣ ಮುಂದೆ ಬಂದರು. ಎಲ್ಲರಿಗೂ ಬಾಯಿ ಸೊಟ್ಟ, ಮಾತು ತೊದಲು. ಅಕ್ಕನ ಮಾತು ಮಾತ್ರ ಸ್ವಚ್ಛ. ಆದ್ದರಿಂದ ದಾರ ಕಟ್ಟುವವನ ಹತ್ತಿರ ಕರೆದುಕೊಂಡು ಹೋದೆ. ಅವನು ನಿಂಬೆಹಣ್ಣು ಕೊಯ್ದು, ಬೂದಿ ಊದಿ, ಎಡ ರಟ್ಟೆಗೆ ಕರಿ ದಾರ ಕಟ್ಟಿದ. ಆ ಹಗಲು ಹೀಗೆ ಹೋಯಿತು. ಮರುದಿನ ಅಕ್ಕ ಎದ್ದು ನಿಲ್ಲಲಾರದೆ ಎಡಕ್ಕೆ ಕುಸಿದಾಗ ಹೆಂಡತಿ ನನ್ನನ್ನು ಕೇಳಲಿಲ್ಲ. ಟಂಟಂನ ಕೀಲಿ ತಂದು ನನ್ನ ಕೈಗೆ ಇಟ್ಟಳು.

ಕೊಪ್ಪಳದ ದವಾಖಾನೆಯಲ್ಲಿ ಹೆಣ್ಣು ಡಾಕ್ಟರು, ಡಾಕ್ಟರ್ ಬಾಯಿಯವರು, ತಲೆಯ ಫೋಟೋ ತೆಗೆಸಿ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಒಳಗೆ ಅಕ್ರೋಟದಂಥದ್ದು ಕಾಣುತ್ತಿತ್ತು. ಒಂದು ಕಡೆ ಮಬ್ಬು ಕವಿದಿತ್ತು.

"ಮಾತು ಛಲೋ ಅದಾವಲ್ಲರಿ, ಮತ್ತ ಲಕ್ವಾ ಹೆಂಗಾಗತೈತಿ?" ಎಂದು ಕೇಳಿದೆ.

"ನೀವು ಏನು ಕೆಲಸ ಮಾಡ್ತೀರಿ?"

"ಟಂಟಂ ಓಡಸ್ತೀನಿರಿ."

"ಹಾರ್ನಿನ ವೈರು ಸುಟ್ರ ಲೈಟು ಹೋಗ್ತಾವೇನು?"

"ಇಲ್ಲರಿ. ಅದರದು ಬ್ಯಾರೆ, ಇದರದು ಬ್ಯಾರೆ."

"ಮೆದುಳೂ ಹಂಗ ನೋಡ್ರಿ. ಒಂದೊಂದು ಜಾಗಕ್ಕ ಒಂದೊಂದು ಕೆಲಸ. ಮಾತಿನ ಜಾಗ ಭಾಳ ಮಂದಿಗೆ ಎಡಗಡೆ ಇರತೈತಿ. ಅದ ಎಡಗಡೆ ಮೆದುಳ ಬಲಗೈ ಬಲಗಾಲು ನಡಸತೈತಿ. ಅದಕ್ಕ ಬಲಗೈ ಬಿದ್ದವರಿಗೆ ಮಾತೂ ಹೋಗೋದು ಜಾಸ್ತಿ. ನಿಮ್ಮ ಅಕ್ಕಾರಿಗೆ ರಕ್ತ ನಿಂತಿದ್ದು ಬಲಗಡೆ. ಮಾತು ಉಳಕೊಂಡಾವು, ಎಡಗೈ ಹೋಗೈತಿ. ಮೊದಲ ದಿನಾನ ಬಂದಿದ್ರ ಛಲೋ ಇತ್ತು."

ಆಮೇಲೆ ಅವರು ಅಕ್ಕನ ಎಡಕ್ಕೆ ಹೋಗಿ ನಿಂತು, "ಅಮ್ಮಾ, ನಾ ಎಲ್ಲಿದ್ದೀನಿ ಹೇಳ್ರಿ," ಎಂದರು. ಅಕ್ಕ ಬಲಕ್ಕೆ ತಿರುಗಿದಳು. ಅಲ್ಲಿ ಖಾಲಿ ಮೂಲೆ. ಆ ಮೂಲೆಯಲ್ಲಿ ಮೇಲಿಂದ ಕೆಳಗೆ ಹುಡುಕಿದಳು. ಮೈಮೇಲೆ ಉಸಿರು ತಾಗುವಷ್ಟು ಹತ್ತಿರ ಮನುಷ್ಯರೊಬ್ಬರು ನಿಂತಿದ್ದರು. ಅವಳ ಪಾಲಿಗೆ ಅವರು ಇರಲೇ ಇಲ್ಲ. "ಎಲ್ಲೆ ಅದೀರಿ? ಧ್ವನಿ ಬರತೈತಿ, ಮನಶಾರಿಲ್ಲ," ಎಂದಳು. 

ಕಣ್ಣು ಹೋಗಿಲ್ಲ, ಎಡಗಡೆ ಒಂದು ಲೋಕವಿದೆ ಎಂದು ಹೇಳುವ ಜಾಗ ಮಂಕಾಗಿದೆ ಎಂದು ಡಾಕ್ಟರ್ ಬಾಯಿಯವರು ತಿಳಿಸಿ ಹೇಳಿದರು. ಕೆಲವರಲ್ಲಿ ಅದು ಮರಳಿ ಬರುತ್ತದೆ, ತಾನಾಗಿ ಬರಲಿ ಎಂದು ಬಿಡಬೇಡಿ ಎಂದರು. "ನೀವು ಎಡಕ್ಕ ಕೂಡ್ರಿ. ಎಡಗಡೆಯಿಂದಾನ ಕರೀರಿ, ತಿರುಗಿ ನೋಡೂತನ ಬಿಡಬ್ಯಾಡ್ರಿ. ಎಡಗೈ ಹಿಡಕೊಂಡು, ಇದು ನಿನ್ನ ಕೈ, ನಿನ್ನ ಕೈ ಅಂತ ಹೇಳ್ರಿ. ಅವರು ತಮ್ಮ ಕೈ ಅಂತ ಒಪ್ಪಿದ್ರ ಅರ್ಧ ಗೆದ್ದಂಗ."

ಊರಿಗೆ ಬಂದ ಮೇಲೆ ಹೆಂಡತಿ ಗಂಗಾವತಿ ಕಡೆ ಭತ್ತದ ನಾಟಿಗೆ ಹೋಗಬೇಕಾಯಿತು. ಗುಂಪಿನವರಿಗೆ ಮಾತು ಕೊಟ್ಟಾಗಿತ್ತು. ಹೋಗುವಾಗ, "ಅವರು ಹೇಳಿದ್ದು ನೆನಪೈತಲ್ಲ? ಎಡಕ್ಕ ಕೂಡ್ರಿ," ಎಂದಳು. ಹೂಂ ಎಂದೆ. ಮನೆಯಲ್ಲಿ ನಾನು, ಅಕ್ಕ ಇಬ್ಬರೇ ಉಳಿದೆವು.

ಅರ್ಧ ಮನುಷ್ಯಳ ಜೊತೆ ಬದುಕುವುದು ಹೇಗಿರುತ್ತದೆ ಎಂದು ನನಗೆ ಆಗ ಗೊತ್ತಾಯಿತು. ತಟ್ಟೆ ಇಟ್ಟರೆ ಬಲಗಡೆಯ ಅರ್ಧ ರೊಟ್ಟಿ ತಿಂದು, ಗೆರೆ ಕೊರೆದ ಹಾಗೆ ನಿಲ್ಲಿಸುತ್ತಿದ್ದಳು. "ಪಲ್ಯಾ ಹಾಕಿಲ್ಲ," ಎನ್ನುತ್ತಿದ್ದಳು. ಪಲ್ಯ ತಟ್ಟೆಯ ಎಡಕ್ಕಿರುತ್ತಿತ್ತು. ತಟ್ಟೆ ತಿರುಗಿಸಿದರೆ, "ಈಗ ಎಲ್ಲಿಂದ ತಂದಿ?" ಎಂದು ಕೇಳುತ್ತಿದ್ದಳು. ತಲೆ ಬಾಚಿಕೊಂಡರೆ ಬಲಗಡೆ ಮಾತ್ರ ನುಣ್ಣಗೆ, ಎಡಗಡೆ ಕೆದರಿದ ಕೂದಲು. ಬಾಗಿಲಲ್ಲಿ ಯಾರಾದರೂ ಬಂದರೆ ಆ ಅರ್ಧ ಬಾಚಿದ ತಲೆ ಎತ್ತಿ ಅವರ ಪಕ್ಕದ ಗಾಳಿಯನ್ನು ಮಾತಾಡಿಸುತ್ತಿದ್ದಳು. ಜನ ಬರುವುದು ಕಡಿಮೆಯಾಯಿತು.

ಒಂದು ಮಧ್ಯಾಹ್ನ ಅವಳ ತೊಡೆಯ ಮೇಲೆ ಎಡಗೈ ಎತ್ತಿಟ್ಟು, ಡಾಕ್ಟರ್ ಹೇಳಿದಂತೆ, "ಅಕ್ಕಾ, ಇದು ನಿನ್ನ ಕೈ," ಎಂದೆ. ಅಕ್ಕ ಅದನ್ನು ನೋಡಿದಳು. ಹಚ್ಚೆಯ ಮೇಲೆ ಬಲಗೈ ಬೆರಳು ಆಡಿಸಿದಳು. ಆಮೇಲೆ ಧ್ವನಿ ಇಳಿಸಿ ಅಂದಳು: "ಇದು ಅವ್ವನ ಕೈ."

"ಅವ್ವ ಸತ್ತು ಎಷ್ಟು ವರ್ಷಾತು, ಅಕ್ಕಾ."

"ಗೊತ್ತೈತಿ. ಕೈಯಷ್ಟ ಬಂದೈತಿ. ಈ ಹಚ್ಚೆ ನೋಡು, ಗುರ್ತು ಸಿಗಂಗಿಲ್ಲೇನು? ಮೆಲ್ಲಕ ಇಡು, ಸತ್ತವರ ಕೈ ಎಳೀಬಾರದು."

ನಾನು ಆ ಕೈಯನ್ನು ಬಿಟ್ಟೆ. ಹೆದರಿಕೆಯಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ. ನೋಡಿದಷ್ಟೂ ಅದು ಅಕ್ಕನ ಕೈಯಾಗಿ ಉಳಿಯಲಿಲ್ಲ. ಕೆಲಸವಿಲ್ಲದೆ ಬಿದ್ದುಕೊಂಡು ಅದರ ಚರ್ಮ ನುಣುಪಾಗಿತ್ತು, ಬಣ್ಣ ತಿಳಿಯಾಗಿತ್ತು. ಅವ್ವ ಸತ್ತಾಗ ಅವಳ ಹೆಣವನ್ನು ಹೊರಗೆ ಗೋಡೆಗೆ ಆನಿಸಿ ಕೂಡಿಸಿದ ದಿನ ಇಂಥದ್ದೇ ಕೈಯನ್ನು ನಾನು ನೋಡಿದ್ದೆ. ಆಮೇಲೆ ನಾನು ಅದನ್ನು ಮುಟ್ಟಲಿಲ್ಲ. ಇದು ನಿನ್ನದು ಎಂದು ಹೇಳಲೂ ಇಲ್ಲ. ಅಕ್ಕ ಅದಕ್ಕೆ ಸೆರಗು ಹೊದಿಸುತ್ತಿದ್ದಳು. ಉಣ್ಣುವಾಗ ಒಂದು ತುತ್ತು ಅದರ ಮುಂದೆ ಇಡುತ್ತಿದ್ದಳು.

ನಾನು ಅವಳ ಎಡಕ್ಕೆ ಕೂಡತೊಡಗಿದ್ದು ಆಗಲೇ. ಆದರೆ ಡಾಕ್ಟರ್ ಹೇಳಿದ ಕಾರಣಕ್ಕಲ್ಲ.

ಅಕ್ಕ ದಿನವೆಲ್ಲ ಕರೆಯುತ್ತಿದ್ದಳು. ನೀರು, ದಿಂಬು, ನೊಣ ಓಡಿಸು, ಹೊರಗೆ ಯಾರು ಬಂದರು ನೋಡು. ಟಂಟಂ ಓಡಿಸಿ ಬಂದು ಅಡಿಗೆ ಮಾಡಿ ನನಗೆ ಸಾಕಾಗಿರುತ್ತಿತ್ತು. ಒಂದು ದಿನ ಬಲಗಡೆಯಿಂದ ಎದ್ದು ಅವಳ ತಲೆಯ ಹಿಂದಿನಿಂದ ಎಡಕ್ಕೆ ದಾಟಿದೆ. "ಎಲ್ಲಿ ಹೋದ್ಯೋ ತಮ್ಮಾ?" ಎಂದು ಬಾಗಿಲ ಕಡೆ ನೋಡಿದಳು. ನಾನು ಅಲ್ಲೇ ಇದ್ದೆ. ನಾನು ಇರಲಿಲ್ಲ. ಅದು ಮೊದಲು ಮೈ ಜುಂ ಎನ್ನಿಸಿತು. ಆಮೇಲೆ ಹಾಯೆನ್ನಿಸಿತು. ದಿನಾ ಹಾಗೇ ಮಾಡತೊಡಗಿದೆ. ಎಡಗೋಡೆಗೆ ಆನಿಕೊಂಡು ಸದ್ದಿಲ್ಲದೆ ಉಣ್ಣುತ್ತಿದ್ದೆ, ಮೊಬೈಲು ನೋಡುತ್ತಿದ್ದೆ. ಅವಳು ಕರೆದು ಕರೆದು ಸುಮ್ಮನಾಗುತ್ತಿದ್ದಳು.

ಸುಮ್ಮನಾದ ಮೇಲೆ ಆ ಕೈಯೊಡನೆ ಮಾತಾಡುತ್ತಿದ್ದಳು.

"ತಮ್ಮ ಹೊರಗ ಹೋಗ್ಯಾನ, ಅವ್ವಾ. ಬೈಬ್ಯಾಡ. ಒಬ್ಬಾವ ಎಷ್ಟು ಮಾಡ್ಯಾನು?" ಎಂದು ನನ್ನ ಪರ ವಹಿಸಿ ಹೇಳುತ್ತಿದ್ದಳು. ನಾನು ತುತ್ತು ಬಾಯಲ್ಲಿಟ್ಟುಕೊಂಡು ಅಗಿಯದೆ ಕೇಳುತ್ತಿದ್ದೆ. ಒಂದು ದಿನ ತಲೆ ಓರೆ ಮಾಡಿ, "ನೀ ಉಸಿರಾಡೋದು ಕೇಳಸತೈತಿ, ಅವ್ವಾ," ಎಂದಳು. "ಇಲ್ಲೇ ಅದಿ. ಒಂದ ಸಲ ಹೂಂ ಅನ್ನು ಸಾಕು."

ಕೇಳಿಸಿದ್ದು ನನ್ನ ಉಸಿರು. ಏಳಬೇಕಿತ್ತು, ನಾನು ಎನ್ನಬೇಕಿತ್ತು. ಅದರ ಬದಲು ನಾನು, ಬಾಯಿ ಮುಚ್ಚಿಕೊಂಡೇ, "ಹೂಂ" ಎಂದೆ.

ಅಕ್ಕನ ಮುಖ ಅರಳಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಅವಳ ಕಣ್ಣಲ್ಲಿ ನೀರು ಬಂತು. ಆ ಹೊತ್ತಿನಿಂದ ನನ್ನನ್ನು ಕರೆಯುವುದು ಕಡಿಮೆ ಮಾಡಿದಳು. ಕೈಯ ವ್ಯಾಯಾಮ ಮಾಡಿಸಲು ಹೋದರೆ, "ಅವ್ವಗ ನೋವಾಗತೈತಿ," ಎಂದು ನನ್ನನ್ನು ತಳ್ಳುತ್ತಿದ್ದಳು. ನನಗೂ ಅಷ್ಟೇ ಬೇಕಿತ್ತು. ಮುಂದೆ ಒಂದು ಸಂಜೆ ನಾನು ಕೊಪ್ಪಳದಿಂದ ಬಂದಾಗ ಅಕ್ಕ ಸಂತೋಷದಿಂದ ಹೇಳಿದಳು: "ಇವತ್ತು ಅವ್ವ ಭಾಳ ಮಾತಾಡಿದ್ಲು ತಮ್ಮಾ. ಕೇಳಿದ್ದಕ್ಕೆಲ್ಲ ಹೂಂ, ಹೂಂ ಅಂದ್ಲು." ಅವತ್ತು ನಾನು ಬೆಳಗಿನಿಂದ ಮನೆಯಲ್ಲೇ ಇರಲಿಲ್ಲ. ನನ್ನ ಕಣ್ಣು ಎಡಗೋಡೆಯ ಕಡೆ ಹೋಯಿತು. ನಾನು ಆನಿಕೊಳ್ಳುತ್ತಿದ್ದ ಜಾಗದಲ್ಲಿ ಗೋಡೆಯ ಸುಣ್ಣ ಉಜ್ಜಿಹೋಗಿತ್ತು. ಅಲ್ಲಿ ಕೂಡಲು ಅವತ್ತು ಮನಸ್ಸಾಗಲಿಲ್ಲ.

ದವಾಖಾನೆಗೆ ಮತ್ತೆ ತೋರಿಸಲು ಹೋದಾಗ ಡಾಕ್ಟರ್ ಬಾಯಿಯವರು, "ಎಡಗಡೆಯಿಂದ ಮಾತಾಡ್ಸ್ತೀರಿಲ್ಲೋ?" ಎಂದು ಕೇಳಿದರು. "ದಿನಾ ಎಡಕ್ಕ ಕೂಡ್ತೀನಿರಿ," ಎಂದೆ. ಅದು ಸುಳ್ಳೂ ಆಗಿರಲಿಲ್ಲ. "ಮತ್ತ ಯಾಕ ತಿರುಗವಲ್ರು?" ಎಂದು ಅವರು ತಮ್ಮಷ್ಟಕ್ಕೆ ಅಂದುಕೊಂಡರು.

ಚಳಿಯ ಒಂದು ಬೆಳಗ್ಗೆ. ಅಕ್ಕನನ್ನು ಒಲೆಯ ಹತ್ತಿರ ಬೆಚ್ಚಗೆ ಕೂಡಿಸಿದ್ದೆ. ನನಗೆ ಬಂದಂತೆ ದಪ್ಪ ರೊಟ್ಟಿ ಮಾಡಿ, ಕಾದ ಹಂಚನ್ನು ಒಲೆಯಿಂದ ಇಳಿಸಿ ನೆಲಕ್ಕಿಟ್ಟೆ. ಇಟ್ಟದ್ದು ಅವಳ ಎಡಕ್ಕೆ. "ಟಂಟಂ ತೊಳೆದು ಬರ್ತೀನಿ," ಎಂದು ಹೇಳಿ ಬಾಗಿಲ ತನಕ ಸಪ್ಪಳ ಮಾಡುತ್ತ ಹೋಗಿ, ಬರಿಗಾಲಲ್ಲಿ ಮರಳಿ ಬಂದು ಎಡಗೋಡೆಗೆ ಕೂತೆ. ಬಿಸಿ ರೊಟ್ಟಿ ಮುರಿದು ಬಾಯಿಗಿಟ್ಟೆ. ಮೊಬೈಲು ತೆಗೆದೆ.

ಅವಳ ತೊಡೆಯ ಮೇಲಿನ ಕೈ ಯಾವಾಗ ಜಾರಿತೋ ನೋಡಲಿಲ್ಲ. ಮೊದಲು ವಾಸನೆ ಬಂತು. ಅಕ್ಕನಿಗೂ ಬಂತು.

"ತಮ್ಮಾ," ಎಂದಳು ಬಲಕ್ಕೆ ತಿರುಗಿ. "ಏನೋ ಸೀಯಾಕತ್ತೈತಿ."

ತಲೆಯೆತ್ತಿದೆ. ಹಂಚಿನ ಮೇಲೆ ಮುಂಗೈ ಒರಗಿಕೊಂಡಿತ್ತು. ಅಕ್ಕ ಬಲಗೈಯಿಂದ ತೊಡೆ ತಡವಿದಳು, ಅಲ್ಲಿ ಕೈ ಇರಲಿಲ್ಲ.

"ತಮ್ಮಾ, ಅವ್ವನ ಕೈ ಸುಡಾಕತ್ತೈತಿ ನೋಡೋ. ಅವ್ವ ಒದರವಲ್ಲಳು. ತಮ್ಮಾ, ಎಲ್ಲಿ ಅದಿ?"

ಕೂತಲ್ಲಿಂದ ತುಸು ಮುಂದೆ ಬಾಗಿದ್ದರೆ ಸಾಕಿತ್ತು. ಆದರೆ ಆ ಗಳಿಗೆಯಲ್ಲಿ ನನ್ನ ತಲೆಗೆ ಬಂದದ್ದು ಕೈಯಲ್ಲ. ಈಗ ಮುಟ್ಟಿದರೆ ನಾನು ಇಲ್ಲೇ ಇದ್ದೆನೆಂದು ಅವಳಿಗೆ ತಿಳಿಯುತ್ತದೆ, ಇಷ್ಟು ಕಾಲವೂ ಇಲ್ಲೇ ಇದ್ದೆನೆಂದು ತಿಳಿಯುತ್ತದೆ. ಅದೇ ಬಂದದ್ದು. ನಾನು ಸಪ್ಪಳವಿಲ್ಲದೆ ಎದ್ದೆ. ಹಿತ್ತಲ ಬಾಗಿಲಿನಿಂದ ಹೊರಬಿದ್ದೆ. ಮನೆಯನ್ನು ಸುತ್ತುಹಾಕಿ ಮುಂಬಾಗಿಲಿಗೆ ಬಂದೆ. ಚಪ್ಪಲಿ ಮೆಟ್ಟಿಕೊಂಡು, ದೂರದಿಂದ ಬಂದವನ ಹಾಗೆ ಕೆಮ್ಮಿ, "ಬಂದೆ ತಡಿ ಅಕ್ಕಾ," ಎಂದು ಕೂಗುತ್ತ ಒಳಗೆ ಓಡಿದೆ. ಆಮೇಲೆ ಕೈ ಎತ್ತಿದೆ. ಹಚ್ಚೆಯ ಚರ್ಮ ಹಂಚಿನ ಮೇಲೆಯೇ ಉಳಿಯಿತು.

ಅಕ್ಕ ಅಳಲಿಲ್ಲ. ನನ್ನ ಮುಖ ನೋಡಿ, "ಪಾಪ, ಅವ್ವಗ ಎಷ್ಟು ಉರೀತೇನೋ," ಎಂದಳು.

ದವಾಖಾನೆಯಲ್ಲಿ, ಮನೆಯಲ್ಲಿ ಯಾರೂ ಇರಲಿಲ್ಲ, ನಾನು ಹೊರಗಿದ್ದೆ ಎಂದೆ. ಹೆಂಡತಿಗೂ ಫೋನಿನಲ್ಲಿ ಅದನ್ನೇ ಹೇಳಿದೆ. ಅವಳು ನಾಟಿ ಬಿಟ್ಟು ಬಂದಳು. ಗಂಗಾವತಿಯ ಕೆಸರು ಉಗುರಲ್ಲಿ ಇನ್ನೂ ಇತ್ತು. ಅಕ್ಕನ ಅರ್ಧ ತಲೆ, ಅರ್ಧ ತಟ್ಟೆ, ಪಟ್ಟಿ ಕಟ್ಟಿದ ಕೈ, ಎಲ್ಲ ನೋಡಿ, "ನಿಮ್ಮ ಅಕ್ಕಾರು ಅರ್ಧಾದ್ರೂ ಮನಿಯಾಗ ಅದಾರ. ನೀವು ಪೂರಾನ ಇಲ್ಲ," ಎಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಬೈಯಲು ಅಂದ ಮಾತು. 

ಹೆಂಡತಿ ಅಕ್ಕನ ಎಡಕ್ಕೆ ಕೂತಳು. "ಅಕ್ಕಾರ, ಇತ್ತಾಗ. ಇನ್ನೂ ಇತ್ತಾಗ. ಗೋಡಿ ಮುಗಿಯೂತನ ಬರ್ರಿ," ಎಂದು ಗದ್ದ ಹಿಡಿದು ತಿರುಗಿಸುತ್ತಿದ್ದಳು. ಅಕ್ಕ ಸಿಟ್ಟಾಗುತ್ತಿದ್ದಳು. "ನಿನ್ನ ಗಂಡಗ ಇಲ್ಲದ ಉಸಾಬರಿ ನಿನಗ್ಯಾಕ?" ಎಂದರೆ, "ನನ್ನ ಗಂಡಗ ಉಸಾಬರಿ ಇದ್ದಿದ್ರ ನಾ ಯಾಕ ಬರ್ತಿದ್ನಿ?" ಎಂದು ಇವಳು ನಗುತ್ತಿದ್ದಳು. ಪಟ್ಟಿ ಬದಲಿಸುವಾಗೆಲ್ಲ "ಇದು ನಿಮ್ಮ ಕೈ, ನಿಮ್ಮ ಕೈ" ಎಂದು ಜಪ ಮಾಡಿದಳು. ಹಚ್ಚೆ ಹೋದ ಮೇಲೆ ಅದನ್ನು ಅವ್ವನದು ಎನ್ನಲು ಅಕ್ಕನಿಗೆ ಗುರುತು ಉಳಿದಿರಲಿಲ್ಲ. ಕೆಲಕಾಲ ಅದು ಯಾರದೂ ಅಲ್ಲದ ಕೈಯಾಗಿತ್ತು. "ಯಾರದೋ ಇಲ್ಲೆ ಬಿಟ್ಟು ಹೋಗ್ಯಾರ, ಕೊಟ್ಟು ಕಳಸ್ರಿ," ಎನ್ನುತ್ತಿದ್ದಳು. ಆ ಮಾತು ಕೇಳಲಾರದೆ ನಾನು ಟಂಟಂ ಹತ್ತಿ ಹುಲಿಗಿಯ ದಾರಿ ಹಿಡಿಯುತ್ತಿದ್ದೆ. ಓಡಿಸುವಾಗ ನನ್ನ ಎಡಕ್ಕೆ ಯಾರೋ ಕೂತ ಹಾಗಾಗುತ್ತಿತ್ತು. ತಿರುಗಿ ನೋಡುತ್ತಿರಲಿಲ್ಲ.

ಬೇಸಿಗೆ ಬರುವ ಹೊತ್ತಿಗೆ ಅಕ್ಕ ತಟ್ಟೆಯ ಎಡಕ್ಕಿದ್ದ ಶೇಂಗಾ ಚಟ್ನಿಯನ್ನು ತಾನಾಗಿ ಮುಟ್ಟಿದಳು. ಹೆಂಡತಿ ನನಗೆ ಕಣ್ಣು ಮಾಡಿ ತೋರಿಸಿದಳು. ಕೆಲವು ದಿನ ಕಳೆದು ಎಡ ಹೆಬ್ಬೆರಳು ಸ್ವಲ್ಪ ಅಲ್ಲಾಡಿತು.

ಒಂದು ಮಧ್ಯಾಹ್ನ ಹೆಂಡತಿ ನೀರಿಗೆ ಹೋಗಿದ್ದಳು. ನಾನು ಬಾಗಿಲ ಹತ್ತಿರ ಬಲಗಡೆ ಕೂತಿದ್ದೆ. ಅಕ್ಕ ತಲೆ ಬಗ್ಗಿಸಿ ತೊಡೆಯ ಮೇಲಿನ ಕೈಯನ್ನು ಬಹಳ ಹೊತ್ತು ನೋಡಿದಳು. ಸುಟ್ಟು ಮೆರುಗು ಬಂದ ಚರ್ಮವನ್ನು ಸವರಿದಳು. ಸವರಿದವಳು ಹಾ ಎಂದು ಬೆರಳು ಹಿಂದೆಗೆದುಕೊಂಡಳು.

"ತಮ್ಮಾ, ನನ್ನ ಕೈ ಉರಿಯಾಕತ್ತೈತಿ."

ನನ್ನ ಕೈ ಎಂದಳು. ನಾವು ಅಷ್ಟು ದಿನ ಕಾದದ್ದು ಆ ಒಂದು ಮಾತಿಗೆ. ಅದು ಬಂದಾಗ ನಾನು ಹಿಗ್ಗಬೇಕಿತ್ತು, ಹೆದರಿದೆ.

"ನನ್ನ ಕೈ ಹೆಂಗ ಸುಟ್ಟಿತೋ? ನಾ ಕರದಿದ್ನಿ ಅಂತ ನೆನಪೈತಿ. ಭಾಳ ಸಲ ಕರದ್ನಿ. ಯಾರೂ ಇರಲಿಲ್ಲೇನು?" ಮತ್ತೆ ಕೇಳಿದಳು: "ಮತ್ತ ಅದಕ್ಕಿಂತ ಮೊದಲ ಹೂಂ ಅಂದಿದ್ದು ಯಾರು?"

ಅವ್ವ ಎಂದಿದ್ದರೆ ಅವಳು ನಂಬುತ್ತಿದ್ದಳು. ನಂಬಿ, ಆ ಕೈಯನ್ನು ಮತ್ತೆ ಅವ್ವನಿಗೆ ಕೊಟ್ಟುಬಿಡುತ್ತಿದ್ದಳೇನೋ. ನಾನು ಎದ್ದು ಅವಳ ಎಡಕ್ಕೆ ಹೋಗಿ ಕೂತೆ. ನಾನು ಮುಟ್ಟದೆ ಬಿಟ್ಟಿದ್ದ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅದು ಬೆಚ್ಚಗಿತ್ತು. ಅಕ್ಕ ಮೊದಲು ಬಲಕ್ಕೆ ಹುಡುಕಿದಳು, ಆಮೇಲೆ ನಿಧಾನಕ್ಕೆ ಇತ್ತ ತಿರುಗತೊಡಗಿದಳು. ಅವಳ ಕಣ್ಣು ನನ್ನ ಮುಖದ ತನಕ ಬರುವವರೆಗೆ ಕಾದು ಹೇಳಿದೆ:

"ನಾನ, ಅಕ್ಕಾ. ಹೂಂ ಅಂದಾವ ನಾನ. ಹಂಚು ಇಲ್ಲೆ ಇಟ್ಟಾವನೂ ನಾನ. ನೀ ಕರದಾಗ ಇಲ್ಲೇ, ಈ ಗೋಡಿಗೇ ಕೂತಿದ್ನಿ. ಕೇಳಿತ್ತು. ಸಿಕ್ಕ ಬೀಳ್ತೀನಿ ಅಂತ ಹಿತ್ತಲ ಸುತ್ತ ಹಾಕಿ, ಹೊರಗಿಂದ ಬಂದಂಗ ಮಾಡಿ ಬಂದ್ನಿ. ಅಷ್ಟರಾಗ ನಿನ್ನ ಕೈ ಸುಟ್ಟಿತು. ತಪ್ಪಾತಕ್ಕಾ. ನಂದು ತಪ್ಪಾತು."